ಸೈಕಲ್ ಕೊಟ್ಟರೆ ಸಾಲದು, ದಾರಿಯನ್ನೂ ಕೊಡಬೇಕು

ಪೇಟೆಬೀದಿಯಲ್ಲಿ ಸೈಕಲ್ ಸವಾರರಿಗೆ ಅನುಕೂಲ ಮಾಡಿಕೊಡಬೇಕೆಂದು ನಮ್ಮ ಯಾವ ಊರಿನಲ್ಲಿ ತೀರ್ಮಾನವಾದರೂ ಮೊದಲು ಬರುವುದು ಬಣ್ಣದ ಡಬ್ಬ. ರಸ್ತೆಯಂಚಿನಲ್ಲಿ ನಾಲ್ಕಡಿ ಅಗಲದ ಹಸಿರು ಪಟ್ಟಿ ಬೀಳುತ್ತದೆ, ಅದರ ಮೇಲೊಂದು ಬಿಳಿ ಸೈಕಲ್ ಚಿತ್ರ ಮೂಡುತ್ತದೆ. ತಿಂಗಳು ಕಳೆಯುವುದರೊಳಗೆ ಆ ಪಟ್ಟಿಯ ಮೇಲೆ ಕಾರು ನಿಂತಿರುತ್ತದೆ, ಗೂಡ್ಸ್ ಆಟೊದಿಂದ ಇಳಿದ ಮೂಟೆಗಳು ಬಿದ್ದಿರುತ್ತವೆ, ಅವಸರದ ಬೈಕುಗಳು ಅದನ್ನೇ ಒಳದಾರಿ ಮಾಡಿಕೊಂಡಿರುತ್ತವೆ. ಆರು ತಿಂಗಳಲ್ಲಿ ಬಣ್ಣ ಮಾಸುತ್ತದೆ. ಆಮೇಲೆ, ಸೈಕಲ್ ಹೊಡೆಯುವವರೇ ಇಲ್ಲದ ಮೇಲೆ ಪಥ ಯಾಕೆ ಬೇಕಿತ್ತು ಎಂಬ ಪ್ರಶ್ನೆ ಏಳುತ್ತದೆ. ಅಲ್ಲಿಗೆ ಆ ಪ್ರಯತ್ನ ಮುಗಿಯುತ್ತದೆ.

ಈ ಸೋಲಿಗೆ ಜನರ ಅಶಿಸ್ತನ್ನೇ ದೂರುವುದು ಸುಲಭ. ಆದರೆ ತಪ್ಪು ಅದಕ್ಕಿಂತ ಮೊದಲೇ, ಯೋಜನೆಯ ಹಂತದಲ್ಲೇ ಆಗಿರುತ್ತದೆ. ಊರಿನ ಹೃದಯಭಾಗದಲ್ಲಿ ಸೈಕಲ್ ಸುರಕ್ಷಿತವಾಗಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಪೇಟೆಯಲ್ಲಿ ಯಾವ ಕೆಲಸವೂ ಇಲ್ಲದ ಮೋಟಾರು ವಾಹನ ಪೇಟೆಯ ನಡುವೆಯೇ ಯಾಕೆ ಹಾದುಹೋಗಬೇಕು? ಈ ಪ್ರಶ್ನೆಯನ್ನು ನೇರವಾಗಿ ಕೇಳಿ, ಉತ್ತರವನ್ನು ಒಂದೇ ರಾತ್ರಿಯಲ್ಲಿ ಜಾರಿಗೆ ತಂದ ಊರೊಂದಿದೆ. ಅದು ನೆದರ್ಲೆಂಡ್ಸ್‌ನ ಉತ್ತರ ತುದಿಯಲ್ಲಿರುವ ಗ್ರೋನಿಂಗೆನ್.

ನೆದರ್ಲೆಂಡ್ಸ್ ಎಂದೊಡನೆ, ಅಲ್ಲಿಯವರು ಹುಟ್ಟಿನಿಂದಲೇ ಸೈಕಲ್ ಪ್ರಿಯರು, ನಮ್ಮ ಮಾತು ಬೇರೆ ಎಂದು ಕೈಚೆಲ್ಲುವವರಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಆ ದೇಶವೂ ಕಾರಿನ ಬೆನ್ನು ಹತ್ತಿತ್ತು. ಹಳೆಯ ಊರುಗಳ ನಡುವೆ ಅಗಲವಾದ ರಸ್ತೆಗಳು ನುಗ್ಗಿದವು, ಚೌಕಗಳೆಲ್ಲ ಕಾರು ನಿಲ್ಲಿಸುವ ಜಾಗಗಳಾದವು, ಸೈಕಲ್ ಸವಾರಿ ವರ್ಷದಿಂದ ವರ್ಷಕ್ಕೆ ಕುಸಿಯಿತು. 1971ರಲ್ಲಿ, ಜನಸಂಖ್ಯೆ ಒಂದೂಕಾಲು ಕೋಟಿಗಿಂತ ಸ್ವಲ್ಪವೇ ಹೆಚ್ಚಿದ್ದ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಮಂದಿ. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಅದೇ ವರ್ಷ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ‘ಡೆ ಟೈಡ್’ ಪತ್ರಿಕೆಯಲ್ಲೊಂದು ಲೇಖನ ಬರೆದರು. ಮಕ್ಕಳ ಕೊಲೆ ನಿಲ್ಲಿಸಿ ಎಂಬ ಅದರ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು. ತಾಯಂದಿರು, ತಂದೆಯರು, ಮಕ್ಕಳು ರಸ್ತೆಗೆ ಬಂದು ಕುಳಿತರು. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿದಾಗ, ಕಾರಿಲ್ಲದ ಬೀದಿ ಹೇಗಿರುತ್ತದೆ ಎಂಬುದನ್ನು ಇಡೀ ದೇಶ ಕಣ್ಣಾರೆ ಕಂಡಿತು. ಇಂದು ನಾವು ಹೊಗಳುವ ಡಚ್ ಸೈಕಲ್ ಸಂಸ್ಕೃತಿಯನ್ನು ಹೀಗೆ ಹೋರಾಡಿ ಮರಳಿ ಪಡೆಯಲಾಯಿತು.

ಗ್ರೋನಿಂಗೆನ್ ದೊಡ್ಡ ಊರೇನಲ್ಲ. ಈಗಿನ ಜನಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು. ನಮ್ಮ ಹಾಸನಕ್ಕಿಂತ ದೊಡ್ಡದು, ಶಿವಮೊಗ್ಗಕ್ಕಿಂತ ಚಿಕ್ಕದು. 1614ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಅಲ್ಲಿದೆ. ಊರ ನಡುವೆ ಗ್ರೋಟೆ ಮಾರ್ಕ್ಟ್, ವಿಸ್‌ಮಾರ್ಕ್ಟ್ ಎಂಬ ಎರಡು ಹಳೆಯ ಮಾರುಕಟ್ಟೆ ಚೌಕಗಳಿವೆ, ಅವುಗಳ ಸುತ್ತ ಕಿರಿದಾದ ಬೀದಿಗಳಿವೆ. ಎಪ್ಪತ್ತರ ದಶಕದಲ್ಲಿ ಊರ ಈ ತುದಿಯಿಂದ ಆ ತುದಿಗೆ ಹೋಗುವ ಕಾರುಗಳೆಲ್ಲ ಇವೇ ಚೌಕಗಳನ್ನು ಹಾದು ಹೋಗುತ್ತಿದ್ದವು. ಪೇಟೆಯಲ್ಲಿ ಸಾಮಾನು ಕೊಳ್ಳಲು ಬಂದವರಿಗಿಂತ ಪೇಟೆಯನ್ನು ದಾಟಿ ಹೋಗುವವರ ವಾಹನವೇ ಬೀದಿಯನ್ನು ಆಕ್ರಮಿಸಿತ್ತು.

ಆಗ ನಗರಾಡಳಿತದಲ್ಲಿ ಸಂಚಾರದ ಹೊಣೆ ಹೊತ್ತಿದ್ದವರು ಮೂವತ್ತರ ಆಸುಪಾಸಿನ ಮ್ಯಾಕ್ಸ್ ವಾನ್ ಡೆನ್ ಬರ್ಗ್. ಅವರ ತಂಡ ರೂಪಿಸಿದ ಸಂಚಾರ ಯೋಜನೆ 1977ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಉಪಾಯ ಬಹಳ ಸರಳ. ಊರಿನ ಕೇಂದ್ರಭಾಗವನ್ನು ನಾಲ್ಕು ವಲಯಗಳಾಗಿ ಭಾಗ ಮಾಡಿದರು. ಕಾರು ಯಾವ ವಲಯಕ್ಕೆ ಬೇಕಾದರೂ ಬರಬಹುದು, ಆದರೆ ಒಂದು ವಲಯದಿಂದ ಪಕ್ಕದ ವಲಯಕ್ಕೆ ನೇರವಾಗಿ ಹೋಗುವಂತಿಲ್ಲ. ಬಂದ ಕಡೆಯಿಂದಲೇ ಹೊರಬಿದ್ದು, ವರ್ತುಲ ರಸ್ತೆ ಹಿಡಿದು, ಸುತ್ತಿ ಬಳಸಿ ಮತ್ತೆ ಒಳಬರಬೇಕು. ಬಸ್ಸು, ಸೈಕಲ್, ಪಾದಚಾರಿಗಳು ಮಾತ್ರ ವಲಯದ ಗಡಿಯನ್ನು ನೇರವಾಗಿ ದಾಟಬಹುದು.

ಇದರ ಪರಿಣಾಮವನ್ನು ಹತ್ತಿರದಿಂದ ನೋಡೋಣ. ಒಬ್ಬಾಕೆಗೆ ಪೂರ್ವದ ವಲಯದ ಮನೆಯಿಂದ ಪಶ್ಚಿಮದ ವಲಯದ ಅಂಗಡಿಗೆ ಹೋಗಬೇಕಾಗಿದೆ ಎನ್ನಿ. ಸೈಕಲ್‌ನಲ್ಲಾದರೆ ಚೌಕದ ನಡುವಿನಿಂದ ಐದಾರು ನಿಮಿಷದ ದಾರಿ. ಕಾರಿನಲ್ಲಾದರೆ ಹೊರಗೆ ಹೋಗಿ, ಸುತ್ತಿ, ಸಿಗ್ನಲ್ ಕಾದು, ಒಳಗೆ ಬಂದು, ನಿಲ್ಲಿಸಲು ಜಾಗ ಹುಡುಕಬೇಕು. ಕಾರು ಬಿಡಿ ಎಂದು ಯಾರೂ ಆಕೆಗೆ ಉಪದೇಶ ಮಾಡಲಿಲ್ಲ. ಕಾರನ್ನು ನಿಷೇಧಿಸಲೂ ಇಲ್ಲ. ಹತ್ತಿರದ ದಾರಿ ಯಾರದ್ದು, ಬಳಸುದಾರಿ ಯಾರದ್ದು ಎಂಬುದನ್ನು ಅದಲು ಬದಲು ಮಾಡಿದರು, ಅಷ್ಟೆ. ಅಂಗಡಿಗೆ ಸರಕು ತರುವ ಲಾರಿ ಬಂದೇ ಬರುತ್ತದೆ, ನಡೆಯಲಾಗದ ಹಿರಿಯರ ಕಾರು ಮನೆ ಬಾಗಿಲಿಗೆ ಬರುತ್ತದೆ. ಪೇಟೆಯಿಂದ ಮರೆಯಾದದ್ದು ಪೇಟೆಗೆ ಸಂಬಂಧವೇ ಇಲ್ಲದ ವಾಹನಗಳ ಸಾಲು ಮಾತ್ರ.

ಮುಖ್ಯವಾದ ಸಂಗತಿಯೆಂದರೆ, ಹೀಗೆ ವಾಹನದಟ್ಟಣೆ ಇಳಿದ ಬೀದಿಗಳಲ್ಲಿ ಹೆಚ್ಚಿನ ಕಡೆ ಪ್ರತ್ಯೇಕ ಸೈಕಲ್ ಪಥವೇ ಬೇಕಾಗಲಿಲ್ಲ. ಇಡೀ ಬೀದಿಯೇ ಸೈಕಲ್ ಪಥವಾಯಿತು. ನಮ್ಮ ಹಳೆಯ ಪೇಟೆಗಳಿಗೆ ಇದು ತೀರಾ ಮುಖ್ಯವಾದ ಪಾಠ. ಇಪ್ಪತ್ತು ಇಪ್ಪತ್ತೈದು ಅಡಿ ಅಗಲದ ಬೀದಿಯಲ್ಲಿ ಸೈಕಲ್‌ಗೆ ಜಾಗ ಎಲ್ಲಿಂದ ತರೋಣ ಎಂದು ಎಂಜಿನಿಯರುಗಳು ಕೇಳುತ್ತಾರೆ. ಹಾದುಹೋಗುವ ವಾಹನವನ್ನು ಹೊರಗೆ ಕಳಿಸಿದರೆ ಜಾಗ ತಾನಾಗಿಯೇ ಬರುತ್ತದೆ. ಒಂದು ಮನೆಯನ್ನೂ ಕೆಡವಬೇಕಿಲ್ಲ, ಒಂದು ಮರವನ್ನೂ ಕಡಿಯಬೇಕಿಲ್ಲ.

ವಿರೋಧ ಬಾರದೆ ಇರಲಿಲ್ಲ. ಗ್ರೋನಿಂಗೆನ್‌ನ ಅಂಗಡಿ ಮಾಲೀಕರು ವ್ಯಾಪಾರ ಮುಳುಗುತ್ತದೆ ಎಂದು ಬೊಬ್ಬೆಯಿಟ್ಟರು. ಯೋಜನೆ ಉಳಿಯಿತು. ವರ್ಷಗಳು ಕಳೆದಂತೆ ಇನ್ನಷ್ಟು ಬೀದಿಗಳು ನಡೆದಾಡುವವರ ಪಾಲಾದವು, ತೊಂಬತ್ತರ ದಶಕದಲ್ಲಿ ಕೇಂದ್ರಭಾಗಕ್ಕೆಲ್ಲ ಹಳದಿ ಇಟ್ಟಿಗೆಯ ನೆಲಹಾಸು ಬಂತು. ನೋರ್ಡರ್‌ಪ್ಲಾಂಟ್‌ಸುನ್ ಎಂಬ ಉದ್ಯಾನದ ನಡುವೆ ಕಾರುಗಳು ಓಡಬೇಕೇ ಬೇಡವೇ ಎಂಬ ಪ್ರಶ್ನೆಯನ್ನು 1994ರಲ್ಲಿ ಜನಮತಕ್ಕೇ ಬಿಟ್ಟರು. ಕೂದಲೆಳೆಯ ಅಂತರದಲ್ಲಿ ಬೇಡ ಎಂಬ ತೀರ್ಪು ಬಂತು. ಇಂದು ಆ ಉದ್ಯಾನಕ್ಕೆ ಕಾರು ಮರಳಿ ಬರಲಿ ಎನ್ನುವವರು ಸಿಗುವುದು ಕಷ್ಟ. ಗ್ರೋನಿಂಗೆನ್ ನಗರದೊಳಗಿನ ಓಡಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಸೈಕಲ್ ಮೇಲೆಯೇ ನಡೆಯುತ್ತದೆ. ರೈಲು ನಿಲ್ದಾಣದ ಮುಂದೆ 2007ರಲ್ಲಿ ಕಟ್ಟಿದ ಸೈಕಲ್ ತಂಗುದಾಣದಲ್ಲಿ ಸಾವಿರಾರು ಸೈಕಲ್‌ಗಳು ನಿಲ್ಲುತ್ತವೆ, ಅದೂ ಸಾಲದಾಗಿದೆ.

ವ್ಯಾಪಾರಿಗಳ ಭಯವನ್ನು ಹಗುರವಾಗಿ ಕಾಣಬಾರದು. ಅವರ ಹೊಟ್ಟೆಪಾಡಿನ ಪ್ರಶ್ನೆ ಅದು. ಆದರೆ ಆ ಭಯಕ್ಕೆ ಆಧಾರವಾದ ಲೆಕ್ಕ ಹಲವು ಸಲ ತಪ್ಪಾಗಿರುತ್ತದೆ. ಬ್ರಿಟನ್ನಿನ ಸಸ್ಟ್ರಾನ್ಸ್ ಸಂಸ್ಥೆ 2006ರಲ್ಲಿ ಬ್ರಿಸ್ಟಲ್ ನಗರದ ಪೇಟೆಬೀದಿಗಳಲ್ಲಿ ಒಂದು ಸಮೀಕ್ಷೆ ಮಾಡಿತು. ನಿಮ್ಮ ಗಿರಾಕಿಗಳಲ್ಲಿ ಎಷ್ಟು ಮಂದಿ ಕಾರಿನಲ್ಲಿ ಬರುತ್ತಾರೆ ಎಂದು ಕೇಳಿದಾಗ ಅಂಗಡಿಯವರು ನೂರಕ್ಕೆ 41 ಎಂದರು. ಗಿರಾಕಿಗಳನ್ನೇ ಕೇಳಿ ಎಣಿಸಿದಾಗ ಸಿಕ್ಕ ಸಂಖ್ಯೆ 22. ಅಂಗಡಿಯ ಮುಂದೆ ನಿಂತ ಒಂದು ಕಾರು ಕಣ್ಣಿಗೆ ರಾಚುತ್ತದೆ. ನಡೆದು ಬಂದ ಹತ್ತು ಜನ ಗಮನಕ್ಕೆ ಬರುವುದೇ ಇಲ್ಲ. ಜಾಗದ ಲೆಕ್ಕವೂ ಹಾಗೆಯೇ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ಆ ಒಂದು ಕಾರು ಅಂಗಡಿಯಾತನದ್ದೇ ಆಗಿದ್ದರಂತೂ ಬೆಳಗಿನಿಂದ ಸಂಜೆವರೆಗೆ ಅಲ್ಲಿಂದ ಒಬ್ಬ ಗಿರಾಕಿಯೂ ಇಳಿದಂತಾಗುವುದಿಲ್ಲ.

ದಾರಿ ಸಿಕ್ಕ ಮೇಲೆ ಎರಡನೆಯ ವಿಷಯ ವೇಗ. ಇಲ್ಲಿ ಅಭಿಪ್ರಾಯಕ್ಕಿಂತ ಲೆಕ್ಕವೇ ಮಾತಾಡುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ತುಸು ಹೆಚ್ಚು ಓಡುತ್ತದೆ. ಎದುರಿಗೆ ಸೈಕಲ್ ಬಂದದ್ದನ್ನು ಕಂಡು ಚಾಲಕನ ಕಾಲು ಬ್ರೇಕಿನ ಮೇಲೆ ಊರಲು ಒಂದು ಸೆಕೆಂಡ್ ಬೇಕು. ಅಲ್ಲಿಂದ ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಐದು ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಒಟ್ಟು ಹದಿಮೂರು ಮೀಟರಿನ ಸುಮಾರು. ಈಗ ಅದೇ ಕಾರು 50ರ ವೇಗದಲ್ಲಿದೆ ಎನ್ನಿ. ಚಾಲಕ ಕಂಡು, ಗ್ರಹಿಸಿ, ಕಾಲು ಎತ್ತಿಡುವ ಆ ಒಂದೇ ಸೆಕೆಂಡಿನಲ್ಲಿ ಅದು ಹದಿನಾಲ್ಕು ಮೀಟರ್ ಓಡಿರುತ್ತದೆ. 30ರ ಕಾರು ಸಂಪೂರ್ಣವಾಗಿ ನಿಂತ ಜಾಗದಲ್ಲಿ 50ರ ಕಾರು ಬ್ರೇಕ್ ಹಾಕಲು ಇನ್ನೂ ಶುರುವನ್ನೇ ಮಾಡಿರುವುದಿಲ್ಲ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಆ ಹೊಡೆತ ಸುಮಾರು ಎರಡೂಮುಕ್ಕಾಲು ಪಟ್ಟು ಹೆಚ್ಚಾಗಿರುತ್ತದೆ. 2020ರ ಸ್ಟಾಕ್‌ಹೋಮ್ ಘೋಷಣೆ, ಸೈಕಲ್ ಸವಾರರೂ ಪಾದಚಾರಿಗಳೂ ವಾಹನಗಳೊಡನೆ ಬೆರೆಯುವ ಕಡೆ ವೇಗಮಿತಿ 30 ಇರಬೇಕೆಂದು ಕೇಳಿದ್ದು ಇದೇ ಕಾರಣಕ್ಕೆ. ಸ್ಪೇನ್ 2021ರಲ್ಲಿ ಊರೊಳಗಿನ ಹೆಚ್ಚಿನ ಬೀದಿಗಳಿಗೆ ಈ ಮಿತಿಯನ್ನು ತಂದಿತು. ಬರೀ ಫಲಕ ನೆಟ್ಟರೆ ವೇಗ ಇಳಿಯುವುದಿಲ್ಲ. ಬೀದಿಯ ಬಾಯಿಯನ್ನು ಕಿರಿದು ಮಾಡಬೇಕು, ತಿರುವನ್ನು ಬಿಗಿ ಮಾಡಬೇಕು, ಪಾದಚಾರಿ ದಾಟುವ ಕಡೆ ರಸ್ತೆಯನ್ನೇ ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತಬೇಕು.

ಮೂರನೆಯದು ವೃತ್ತಗಳು ಮತ್ತು ಕೂಡುರಸ್ತೆಗಳು. ನಮ್ಮ ಊರುಗಳಲ್ಲಿ ಸೈಕಲ್ ಸವಾರ ಜೀವವನ್ನು ಕೈಯಲ್ಲಿ ಹಿಡಿದುಕೊಳ್ಳುವುದು ಬಲಕ್ಕೆ ತಿರುಗುವಾಗ. ಎಡ ಅಂಚಿನಲ್ಲಿ ಬರುತ್ತಿದ್ದವರು ಸಿಗ್ನಲ್ ಹತ್ತಿರವಾಗುತ್ತಿದ್ದಂತೆ ಬಲಕ್ಕೆ ಸರಿಯಬೇಕು. ಕತ್ತು ಹೊರಳಿಸಿ ಹಿಂದೆ ನೋಡಬೇಕು, ಒಂದು ಕೈ ಚಾಚಬೇಕು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದಿರಬೇಕು. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನೋ ಹೂವಿನ ಬುಟ್ಟಿಯೋ ಇರುತ್ತದೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ, ಎಡಕ್ಕೆ ತಿರುಗುವ ಬೈಕು ಮುಂಗಾಲಿಗೆ ಉಜ್ಜಿಕೊಂಡೇ ಹೋಗುತ್ತದೆ. ಹದಿಮೂರು ವರ್ಷದ ಹುಡುಗಿ ಈ ಕಸರತ್ತು ಮಾಡಬೇಕೆಂದು ಬಯಸುವ ತಂದೆತಾಯಿ ಯಾರೂ ಇಲ್ಲ. ಆದ್ದರಿಂದಲೇ ಅವಳನ್ನು ಸ್ಕೂಟರ್ ಮೇಲೆ ಬಿಟ್ಟುಬರುತ್ತಾರೆ. ಆ ಸ್ಕೂಟರ್ ಸಿಗ್ನಲ್‌ನ ದಟ್ಟಣೆಗೆ ಸೇರಿಕೊಳ್ಳುತ್ತದೆ.

ಗ್ರೋನಿಂಗೆನ್ ಇದಕ್ಕೂ ಒಂದು ಪರಿಹಾರ ಕಂಡುಕೊಂಡಿದೆ. ಅಲ್ಲಿನ ಹಲವು ಸಿಗ್ನಲ್‌ಗಳಲ್ಲಿ ನಾಲ್ಕೂ ಕಡೆಯ ಕಾರುಗಳಿಗೆ ಒಟ್ಟಿಗೆ ಕೆಂಪು ಬೀಳುತ್ತದೆ, ನಾಲ್ಕೂ ಕಡೆಯ ಸೈಕಲ್‌ಗಳಿಗೆ ಒಟ್ಟಿಗೆ ಹಸಿರು. ಸವಾರರು ನೇರಕ್ಕೆ, ಎಡಕ್ಕೆ, ಬಲಕ್ಕೆ, ಕರ್ಣರೇಖೆಯಲ್ಲಿ, ಬೇಕಾದ ಕಡೆಗೆ ಹೊರಡುತ್ತಾರೆ. ಎದುರು ಬದುರಾದವರು ಕಣ್ಣಲ್ಲೇ ಮಾತಾಡಿಕೊಂಡು ದಾರಿ ಬಿಟ್ಟುಕೊಡುತ್ತಾರೆ. ಆ ಕೆಲವು ಸೆಕೆಂಡುಗಳಲ್ಲಿ ಕೂಡುರಸ್ತೆಯಲ್ಲಿ ಒಂದು ಟನ್ ತೂಕದ ಯಾವ ಯಂತ್ರವೂ ಚಲಿಸುವುದಿಲ್ಲ. ಇದಕ್ಕೆ ಮೇಲ್ಸೇತುವೆ ಬೇಡ, ಭೂಸ್ವಾಧೀನ ಬೇಡ; ಸಿಗ್ನಲ್‌ನ ಸಮಯ ಹೊಂದಿಸಿದರೆ ಸಾಕು.

ನಾಲ್ಕನೆಯದು, ಕಡಿಯದ ದಾರಿ. ಡಚ್ಚರೇ ಈ ಪಾಠವನ್ನು ಎಡವಿ ಕಲಿತರು. ಎಪ್ಪತ್ತರ ದಶಕದ ನಡುವೆ ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಸರ್ಕಾರ ಒಂದೊಂದು ಅತ್ಯುತ್ತಮ ಸೈಕಲ್ ಮಾರ್ಗ ನಿರ್ಮಿಸಿತು. ಆ ಮಾರ್ಗದಲ್ಲಿ ಸವಾರರು ಹೆಚ್ಚಿದರೇ ಹೊರತು ಇಡೀ ಊರಿನ ಸೈಕಲ್ ಬಳಕೆಯಲ್ಲಿ ಹೇಳಿಕೊಳ್ಳುವಂಥ ಏರಿಕೆಯಾಗಲಿಲ್ಲ. ಎಂಬತ್ತರ ದಶಕದಲ್ಲಿ ಡೆಲ್ಫ್ಟ್ ನಗರ ಬೇರೆ ಹಾದಿ ಹಿಡಿದು, ಊರಿನ ಎಲ್ಲ ಕಡೆಗೂ ಹರಡುವ ಜಾಲವನ್ನು ಪೂರ್ಣಗೊಳಿಸಿತು. ಎಲ್ಲಿ ದಾರಿ ತುಂಡಾಗಿತ್ತೋ ಅಲ್ಲಿ ಸಣ್ಣ ಸೇತುವೆ, ಅಂಡರ್‌ಪಾಸ್, ಒಳದಾರಿ ಕೊಟ್ಟಿತು. ಬಳಕೆ ಏರಿತು. ಮನೆಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಒಂಬತ್ತು ಭಾಗ ಸುರಕ್ಷಿತವಾಗಿದ್ದು ಒಂದು ಭಾಗ ಭಯಾನಕವಾಗಿದ್ದರೆ, ಸೈಕಲ್ ಮನೆಯಲ್ಲೇ ಉಳಿಯುತ್ತದೆ.

ಗ್ರೋನಿಂಗೆನ್‌ನ ಕಥೆ ಅಲ್ಲಿಯೇ ನಿಲ್ಲಲಿಲ್ಲ. ನಲವತ್ತು ವರ್ಷಗಳ ನಂತರ ಬೆಲ್ಜಿಯಂನ ಗೆಂಟ್ ನಗರ ಅದೇ ಉಪಾಯವನ್ನು ಎತ್ತಿಕೊಂಡಿತು. 2017ರ ಏಪ್ರಿಲ್‌ನಲ್ಲಿ ಕೇಂದ್ರಭಾಗದ ಪಾದಚಾರಿ ಪ್ರದೇಶವನ್ನು ವಿಸ್ತರಿಸಿ, ಅದರ ಸುತ್ತಲನ್ನು ಆರು ವಲಯಗಳಾಗಿ ಹಂಚಿತು. ವಲಯದಿಂದ ವಲಯಕ್ಕೆ ಕಾರು ಹೋಗಬೇಕಾದರೆ ಹೊರವರ್ತುಲವೇ ಗತಿ. ಗಡಿಗಳಲ್ಲಿ ಗೋಡೆ ಕಟ್ಟಲಿಲ್ಲ. ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಇಟ್ಟರು, ಅಗತ್ಯವಿದ್ದವರಿಗೆ ಪರವಾನಗಿ ಕೊಟ್ಟರು. ಯೋಜನೆಯ ಹೊಣೆ ಹೊತ್ತಿದ್ದ ಫಿಲಿಪ್ ವಾಟೆವ್ ಅವರಿಗೆ ಕೊಲೆ ಬೆದರಿಕೆ ಬಂದು ಪೊಲೀಸ್ ರಕ್ಷಣೆ ಪಡೆಯಬೇಕಾಯಿತು. ಮರುವರ್ಷ ನಡೆದ ಚುನಾವಣೆಯ ನಂತರವೂ ಅವರು ಅದೇ ಹೊಣೆಯಲ್ಲಿ ಮುಂದುವರಿದರು. ಸೈಕಲ್ ಬಳಕೆ ಯೋಜನೆಗಾರರ ನಿರೀಕ್ಷೆಗಿಂತ ಬೇಗ ಏರಿತು.

ಇನ್ನು ನಮ್ಮ ಮಾತು. ಸೈಕಲ್ ಕೊಡುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 2006–07ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಗಿ, ಲಕ್ಷಾಂತರ ಮಕ್ಕಳು, ಅದರಲ್ಲೂ ಹಳ್ಳಿಯ ಹೆಣ್ಣುಮಕ್ಕಳು, ಹೈಸ್ಕೂಲಿನ ಹಾದಿ ಹಿಡಿದರು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಸೇವೆ 450 ಸೈಕಲ್, 48 ನಿಲ್ದಾಣಗಳೊಂದಿಗೆ ಆರಂಭವಾಯಿತು. ಈ ಎರಡೂ ಒಳ್ಳೆಯ ಕೆಲಸಗಳೇ. ಆದರೆ ಎರಡರಲ್ಲೂ ಸೈಕಲ್ ಬಂತು, ರಸ್ತೆ ಮಾತ್ರ ಇದ್ದ ಹಾಗೆಯೇ ಇತ್ತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,000ಕ್ಕೂ ಹೆಚ್ಚು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಅವರಲ್ಲಿ ಬಹಳಷ್ಟು ಜನ ಹವ್ಯಾಸಕ್ಕೆ ಸೈಕಲ್ ಏರಿದವರಲ್ಲ. ಗಾರೆ ಕೆಲಸಕ್ಕೆ, ಪೇಪರ್ ಹಾಕಲು, ಹಾಲು ಮಾರಲು, ಕಾರ್ಖಾನೆಯ ಪಾಳಿಗೆ ಹೊರಟವರು. ಅವರಿಗೆ ದಾರಿ ಕೊಡುವುದು ನ್ಯಾಯದ ಮಾತು.

ವಲಯ ಪದ್ಧತಿ ನಮ್ಮಲ್ಲಿ ಸಾಧ್ಯವೇ ಎನ್ನುವವರು ದಸರಾ ಸಮಯದ ಮೈಸೂರನ್ನು ನೆನಪಿಸಿಕೊಳ್ಳಲಿ. ಪ್ರತಿವರ್ಷ ಆ ದಿನಗಳಲ್ಲಿ ಅರಮನೆಯ ಸುತ್ತಲಿನ ರಸ್ತೆಗಳು ಏಕಮುಖವಾಗುತ್ತವೆ, ಕೆಲವು ಬೀದಿಗಳಿಗೆ ವಾಹನ ಪ್ರವೇಶ ನಿಲ್ಲುತ್ತದೆ, ಊರಾಚೆಯಿಂದ ಬರುವ ವಾಹನಗಳು ಬಳಸುದಾರಿ ಹಿಡಿಯುತ್ತವೆ. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಒಂದೇ ಒಂದು ಖಾಸಗಿ ವಾಹನ ಓಡುವುದಿಲ್ಲ. ಊರು ನಿಂತುಹೋಗುವುದಿಲ್ಲ, ವ್ಯಾಪಾರವೂ ಮುಳುಗುವುದಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕೂಡ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಮುಕ್ತವಾಗಿತ್ತು. ಜನ ತುಂಬಿ ತುಳುಕಿದರು. ಯೋಜನೆ ಮಾಡುವ ಬುದ್ಧಿ, ಜಾರಿಗೆ ತರುವ ಪೊಲೀಸ್ ಅನುಭವ, ಸಹಕರಿಸುವ ಜನ, ಮೂರೂ ನಮ್ಮಲ್ಲಿವೆ.

ನಮ್ಮ ಒಂದು ತೊಡಕು ಮಾತ್ರ ನಿಜಕ್ಕೂ ಬೇರೆ. ಡಚ್ಚರ ಎದುರಾಳಿ ಕಾರು. ನಮ್ಮಲ್ಲಿ ಕಾರಿಗಿಂತ ಸ್ಕೂಟರ್ ಬೈಕುಗಳೇ ಹೆಚ್ಚು. ಕಾರನ್ನು ತಡೆಯುವ ಕಂಬಗಳ ಸಂದಿಯಲ್ಲಿ ಬೈಕು ಸಲೀಸಾಗಿ ನುಸುಳುತ್ತದೆ. ಈ ಕಷ್ಟ ಅವರಿಗೂ ಒಂದು ಮಟ್ಟಿಗೆ ಗೊತ್ತು. ಆಮ್‌ಸ್ಟರ್‌ಡ್ಯಾಮ್ 2019ರಲ್ಲಿ ಲಘು ಮೊಪೆಡ್‌ಗಳನ್ನು ನಗರದ ಬಹುತೇಕ ಸೈಕಲ್ ಪಥಗಳಿಂದ ಹೊರಗೆ ಕಳಿಸಿ ರಸ್ತೆಗೆ ಇಳಿಸಬೇಕಾಯಿತು. ನಮ್ಮಲ್ಲಿ ಇದಕ್ಕೆ ಕಂಬಕ್ಕಿಂತ ಕ್ಯಾಮೆರಾ ಹೆಚ್ಚು ನಂಬಲರ್ಹ. ಹೆಲ್ಮೆಟ್ ಹಾಕದವರ, ಸಿಗ್ನಲ್ ದಾಟಿದವರ ಮೊಬೈಲಿಗೆ ದಂಡದ ಸಂದೇಶ ಕಳಿಸುವ ವ್ಯವಸ್ಥೆ ಈಗಾಗಲೇ ಇರುವಾಗ, ವಲಯದ ಗಡಿ ಮೀರಿದವರಿಗೂ ಅದನ್ನು ಕಳಿಸುವುದು ಅಸಾಧ್ಯವಲ್ಲ. ಜೊತೆಗೆ ಸಿಟಿ ಬಸ್ಸು, ಆಟೊ, ಆಂಬುಲೆನ್ಸ್‌ಗಳಿಗೆ ನೇರ ದಾರಿ ಇರಲೇಬೇಕು. ಬೈಕು ಬಿಟ್ಟವರಿಗೆ ಬೇರೆ ಆಸರೆ ಇಲ್ಲದಿದ್ದರೆ ಯೋಜನೆಯ ಮೇಲೆ ಸಿಟ್ಟೇ ಬೆಳೆಯುತ್ತದೆ.

ಸ್ವಾಗತ ಎನ್ನುವುದು ಸಣ್ಣ ಸಂಗತಿಗಳಲ್ಲೂ ಇರುತ್ತದೆ. ಮೋರಿಯ ಮೇಲಿನ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೆ ಕೂತರೆ ಸೈಕಲ್ ಟೈರು ಅದರಲ್ಲಿ ಸಿಕ್ಕಿ ಸವಾರ ಮುಗ್ಗರಿಸುತ್ತಾನೆ. ಅಡ್ಡಡ್ಡ ಕೂರಿಸಿದರೆ ಅಪಾಯವಿಲ್ಲ. ಅಂಗಡಿಸಾಲಿನ ಮುಂದೆ ಸೈಕಲ್‌ನ ಫ್ರೇಮಿಗೇ ಬೀಗ ಹಾಕಲು ಬರುವ ಕಬ್ಬಿಣದ ಕಮಾನುಗಳಿರಬೇಕು, ಅವುಗಳ ಮೇಲೊಂದು ದೀಪವಿರಬೇಕು. ನಿಂತ ಕಾರಿನ ಬಾಗಿಲು ಸೈಕಲ್ ಸಾಗುವ ಕಡೆಗೆ ತೆರೆಯದಂತೆ ನಡುವೆ ಮೂರಡಿ ಬಿಡಬೇಕು. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಮರದ ನೆರಳೂ ಸೈಕಲ್ ಪಥದ ಭಾಗವೇ. ಹೊಂಗೆ, ಬೇವು ನೆಡದ ಪಥದಲ್ಲಿ ಏಪ್ರಿಲ್ ತಿಂಗಳಲ್ಲಿ ಯಾರೂ ಸಾಗುವುದಿಲ್ಲ.

ಎಲ್ಲಿಂದ ಶುರು ಮಾಡುವುದು? ರಾಜ್ಯದ ಒಂದು ಮಧ್ಯಮ ಗಾತ್ರದ ಊರು ಮನಸ್ಸು ಮಾಡಲಿ. ಪೇಟೆಯ ನಕ್ಷೆ ಬಿಡಿಸಿ, ನಡುವಿನ ವೃತ್ತವನ್ನು ದಾಟುವ ವಾಹನಗಳಲ್ಲಿ ಎಷ್ಟು ಪೇಟೆಯಲ್ಲಿ ನಿಲ್ಲುತ್ತವೆ, ಎಷ್ಟು ಹಾಗೇ ಹಾದುಹೋಗುತ್ತವೆ ಎಂದು ಮೊದಲು ಎಣಿಸಲಿ. ನಂತರ ಮೂರ್ನಾಲ್ಕು ವಲಯ ಮಾಡಿ, ತೆಗೆದಿಡಬಹುದಾದ ಬ್ಯಾರಿಕೇಡ್‌ಗಳಿಂದಲೇ ಆರು ತಿಂಗಳು ನಡೆಸಿ ನೋಡಲಿ. ಅಪಘಾತ, ಅಂಗಡಿಗಳ ವಹಿವಾಟು, ಸೈಕಲ್‌ನಲ್ಲಿ ಬರುವ ಮಕ್ಕಳು ಮತ್ತು ಹೆಂಗಸರ ಸಂಖ್ಯೆ, ಬಸ್ಸು ತೆಗೆದುಕೊಳ್ಳುವ ಸಮಯ, ಈ ನಾಲ್ಕನ್ನೂ ಮೊದಲೂ ಆಮೇಲೂ ಅಳೆದು ಊರಿನ ಮುಂದಿಡಲಿ. ತಪ್ಪಿದ್ದರೆ ತಿದ್ದಲಿ.

ಗ್ರೋನಿಂಗೆನ್‌ನ ಯೋಜನೆಗೆ ವಿಶೇಷ ತಂತ್ರಜ್ಞಾನವೇನೂ ಬೇಕಾಗಲಿಲ್ಲ. ಫಲಕಗಳು, ತಡೆಗಳು ಮತ್ತು ಹಿಡಿದ ಪಟ್ಟು ಬಿಡದ ನಗರಾಡಳಿತ ಸಾಕಾದವು. ನಮ್ಮ ನಗರಸಭೆಗಳಿಗೆ ಫಲಕ ಕೊಳ್ಳುವ ಹಣವಿದೆ. ಪೇಟೆಗೆ ಸೈಕಲ್‌ನಲ್ಲಿ ಬರುವ ಶಾಲಾ ಬಾಲಕಿಗೆ ಹತ್ತಿರದ ದಾರಿ, ಪೇಟೆಯನ್ನು ದಾಟಿ ಹೋಗುವ ಕಾರಿಗೆ ಬಳಸುದಾರಿ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿ, ಆ ಮಾತಿಗೆ ವರ್ಷಗಟ್ಟಲೆ ಅಂಟಿಕೊಂಡು ನಿಲ್ಲುವ ಸದಸ್ಯರು ಬೇಕಾಗಿದ್ದಾರೆ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರ ಮುಂದೆ ನಾವು ಇಡಬೇಕಾದ ಬೇಡಿಕೆಯೂ ಇದೇ.